ಮುಯ್ಯಾಳೋ, ಬಿಟ್ಟಿ ಚಾಕರಿಯೋ? ಇಂಡೊನೇಷ್ಯಾದ ಊರ ಕಲಿಕಾ ಕೇಂದ್ರಗಳ ಒಳಲೆಕ್ಕ

2018ರಲ್ಲಿ ಇಂಡೊನೇಷ್ಯಾದ ಮೀನುಗಾರಿಕೆ ಸಚಿವೆ ಸುಸಿ ಪುಜಿಯಾಸ್ತುತಿ ಹೈಸ್ಕೂಲು ಮುಗಿಸುವ ಪರೀಕ್ಷೆಗೆ ಕೂತರು. ಆಗ ಅವರು ಅಧಿಕಾರದಲ್ಲೇ ಇದ್ದರು. ಹುಡುಗಿಯಾಗಿದ್ದಾಗ ಓದು ಅರ್ಧಕ್ಕೆ ಬಿಟ್ಟು ಮೀನು ವ್ಯಾಪಾರಕ್ಕೆ ಇಳಿದವರು, ಆಮೇಲೆ ಸ್ವಂತ ವಿಮಾನ ಕಂಪನಿ ಕಟ್ಟಿದವರು. ಇಷ್ಟೆಲ್ಲ ಆಗಿದ್ದು ಹೈಸ್ಕೂಲಿನ ಪ್ರಮಾಣಪತ್ರ ಇಲ್ಲದೆಯೇ. ಆದರೂ ಬರೆದರು, ಪಾಸಾದರು. ಅವರು ಬರೆದ ಪರೀಕ್ಷೆಯ ಹೆಸರು 'ಪಾಕೆಟ್ ಸಿ'.

ಈ ಪಾಕೆಟ್ ಸಿ ಈಗ ಮತ್ತೆ ಚರ್ಚೆಗೆ ಬಂದಿದೆ. ಕಾರಣ ಒಂದರ ಹಿಂದೊಂದು ಬಂದ ನಾಲ್ಕು ಸುದ್ದಿಗಳು. ಕಡ್ಡಾಯ ಶಿಕ್ಷಣವನ್ನು 13 ವರ್ಷಕ್ಕೆ ಏರಿಸುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿತು. ಶಾಲೆಗೆ ಮುಂಚಿನ ಒಂದು ವರ್ಷ, ಆಮೇಲೆ 12 ವರ್ಷ. 2025ರ ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯ ಖಾಸಗಿ ಶಾಲೆಗಳಲ್ಲೂ ಒಂಬತ್ತನೇ ತರಗತಿವರೆಗಿನ ಓದಿಗೆ ಸರ್ಕಾರವೇ ಹಣ ಕೊಡಬೇಕೆಂಬ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಟಿಕೆಎ, ಅಂದರೆ 'ಶೈಕ್ಷಣಿಕ ಸಾಮರ್ಥ್ಯದ ಪರೀಕ್ಷೆ' ಎಂಬ ದೇಶಮಟ್ಟದ ಹೊಸ ಪರೀಕ್ಷೆ ಶುರುವಾಯಿತು. ಅದನ್ನು ಶಾಲೆಯ ಮಕ್ಕಳ ಜೊತೆ ಪಾಕೆಟ್ ಸಿ ಓದುವವರೂ ಬರೆಯಬಹುದು. ಇನ್ನು 2003ರ ಶಿಕ್ಷಣ ಕಾನೂನನ್ನೇ ತಿದ್ದುವ ಕೆಲಸ ಸಂಸತ್ತಿನಲ್ಲಿ ನಡೆಯುತ್ತಿದೆ.

ಒಂದೊಂದೇ ಸುದ್ದಿ ಓದಿದರೆ ಅರ್ಥವಾಗುತ್ತದೆ. ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಓದು ಕಡ್ಡಾಯ, ಬಹುಪಾಲು ಉಚಿತ ಅಂದಮೇಲೆ ಸುಮಾರು 40 ಲಕ್ಷ ಮಕ್ಕಳು ಶಾಲೆಯ ಹೊರಗೆ ಯಾಕಿದ್ದಾರೆ? ಅವರಿಗಾಗಿ ಊರಿನವರೇ ನಡೆಸುವ ಕಲಿಕಾ ಕೇಂದ್ರಗಳು ಸರ್ಕಾರದ್ದಾ, ಖಾಸಗಿಯಾ? 'ನಮ್ಮ ಸಂಸ್ಕೃತಿಯಲ್ಲೇ ಸಹಕಾರ ಇದೆ, ಅದರಿಂದಲೇ ಈ ಕೇಂದ್ರಗಳನ್ನು ನಡೆಸಬಹುದು' ಅನ್ನುವ ಅಲ್ಲಿನ ಶಿಕ್ಷಣ ತಜ್ಞರು ಹೇಳುತ್ತಿರುವುದಾದರೂ ಏನು? ಈ ಕೊನೆಯ ಪ್ರಶ್ನೆಯೇ ಉಳಿದೆಲ್ಲದಕ್ಕೂ ಬೀಗದ ಕೈ.

ಪೊಟ್ಟಣದಲ್ಲಿ ಹೈಸ್ಕೂಲು

ಅಲ್ಲಿನ ಭಾಷೆಯಲ್ಲಿ ಪಾಕೆಟ್ ಅಂದರೆ ಪೊಟ್ಟಣ, ಕಟ್ಟು. ಪಾಕೆಟ್ ಎ ಪ್ರಾಥಮಿಕ ಶಾಲೆಗೆ ಸಮ, ಬಿ ಮಾಧ್ಯಮಿಕಕ್ಕೆ, ಸಿ ಅಂದರೆ ಹತ್ತರಿಂದ ಹನ್ನೆರಡನೇ ತರಗತಿಗೆ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ. ಜನ ಇದನ್ನು 'ಕೆಜಾರ್ ಪಾಕೆಟ್' ಅಂತಲೂ ಕರೆಯುತ್ತಾರೆ. ಕಲಿಕೆಯ ಗುಂಪು ಎಂಬ ಎರಡು ಪದಗಳನ್ನು ಕುಗ್ಗಿಸಿದರೆ ಕೆಜಾರ್ ಆಗುತ್ತದೆ. ಅದೇ ಪದಕ್ಕೆ 'ಬೆನ್ನಟ್ಟು' ಎಂಬ ಅರ್ಥವೂ ಇದೆ. ತಪ್ಪಿಹೋದ ಓದನ್ನು ಬೆನ್ನಟ್ಟುವುದು, ಹೆಸರು ಚೆನ್ನಾಗಿ ಕೂಡಿಬಂದಿದೆ.

2003ರ ಕಾನೂನು ಶಿಕ್ಷಣಕ್ಕೆ ಮೂರು ದಾರಿ ಹೇಳುತ್ತದೆ: ಶಾಲೆಯದ್ದು, ಶಾಲೆಯ ಹೊರಗಿನ ಸಂಘಟಿತ ಕಲಿಕೆ, ಮನೆಯ ಕಲಿಕೆ. ಎರಡನೇ ದಾರಿಯಲ್ಲಿ ಓದಿದವರ ಪ್ರಮಾಣಪತ್ರವನ್ನು, ಸರಿಯಾದ ಮೌಲ್ಯಮಾಪನ ಆದಮೇಲೆ, ಶಾಲೆಯದಕ್ಕೆ ಸಮ ಎಂದು ಒಪ್ಪಬೇಕು. ಕಾಗದದ ಮೇಲೆ ವಿಷಯ ಅಲ್ಲಿಗೆ ಮುಗಿಯಿತು.

ಈ ಪಾಠ ನಡೆಯುವುದು ಎರಡು ಕಡೆ. ಒಂದು, ಜಿಲ್ಲಾಡಳಿತ ನಡೆಸುವ ಕೇಂದ್ರಗಳು. ಇನ್ನೊಂದು, ಊರಿನವರು ಅಥವಾ ಸಣ್ಣ ಟ್ರಸ್ಟುಗಳು ಕಟ್ಟಿಕೊಂಡ ಪಿಕೆಬಿಎಂ, ಅಂದರೆ 'ಜನರ ಕಲಿಕಾ ಚಟುವಟಿಕೆಯ ಕೇಂದ್ರ'. ಈ ಪಿಕೆಬಿಎಂಗಳು ಹುಟ್ಟಿದ್ದು 1998ರಲ್ಲಿ. ಆ ವರ್ಷ ಏಷ್ಯಾದ ಹಣಕಾಸು ಬಿಕ್ಕಟ್ಟು ಇಂಡೊನೇಷ್ಯಾವನ್ನು ನೆಲಕ್ಕೆ ಕೆಡವಿತ್ತು, ಮೂರು ದಶಕ ಆಳಿದ ಸುಹಾರ್ತೊ ಕೆಳಗಿಳಿದಿದ್ದರು. ಸರ್ಕಾರದ ಹತ್ತಿರ ದುಡ್ಡಿರಲಿಲ್ಲ. ಆಗ ಊರಿನ ಹೆಗಲಿಗೆ ಒಂದು ಭಾರ ಹೋಯಿತು. ಈ ಹುಟ್ಟಿನ ಗಳಿಗೆಯನ್ನು ಮರೆಯಬಾರದು, ಮುಂದಿನ ಜಗಳಗಳ ಬೇರು ಅಲ್ಲೇ ಇದೆ.

ಪರವಾನಗಿ ಜಿಲ್ಲೆ ಕೊಡುತ್ತದೆ. ಜಾಗ ಊರ ಸಭಾಭವನ, ಮಸೀದಿಯ ಪಕ್ಕದ ಕೋಣೆ, ಯಾರದೋ ಮನೆಯ ಪಡಸಾಲೆ. ಪಾಠ ಸಂಜೆ ಅಥವಾ ವಾರದ ಕೊನೆಗೆ. ಬರುವವರು ಮನೆಗೆಲಸದವರು, ಕಾರ್ಖಾನೆ ಹುಡುಗರು, ಮೀನುಗಾರರು, ಬೇಗ ಮದುವೆಯಾದ ಹುಡುಗಿಯರು. ಹುಡುಗಿಯರ ಮದುವೆ ವಯಸ್ಸನ್ನು 2019ರಲ್ಲಿ 19ಕ್ಕೆ ಏರಿಸಿದ್ದಾರೆ. ಆದರೂ ಮದುವೆಯಾದ ಅಥವಾ ಬಸುರಿಯಾದ ಹುಡುಗಿಗೆ ಮಾಮೂಲಿ ಶಾಲೆಯ ಬಾಗಿಲು ಹಲವು ಕಡೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಅವಳಿಗೆ ಉಳಿಯುವುದು ಇದೊಂದೇ ದಾರಿ.

ನಮ್ಮ ಮುಯ್ಯಾಳಿನ ದೂರದ ನೆಂಟರು

ಇನ್ನು ಸಂಸ್ಕೃತಿಯ ಮಾತು. ಇಂಡೊನೇಷ್ಯಾದ ಉದ್ದಗಲಕ್ಕೂ ಕೂಡಿ ದುಡಿಯುವ ಪದ್ಧತಿಗಳಿವೆ, ಪ್ರತಿ ಸೀಮೆಗೂ ಬೇರೆ ಹೆಸರು. ಸುಲಾವೆಸಿ ದ್ವೀಪದ ಉತ್ತರ ತುದಿಯ ಮಿನಾಹಾಸಾದಲ್ಲಿ 'ಮಪಾಲುಸ್'. ಗುಂಪು ಕಟ್ಟಿಕೊಂಡು ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು ಎಂದು ಸರದಿಯಲ್ಲಿ ಗೇಯುವುದು. ಅದಕ್ಕೊಬ್ಬ ಮುಖಂಡ, ಹೊರಡಲು ಡೋಲಿನ ಕರೆ, ತಪ್ಪಿಸಿಕೊಂಡವರಿಗೆ ದಂಡ. ಪಕ್ಕದ ಗೊರೊಂತಾಲೊದಲ್ಲಿ 'ಹುಯುಲಾ'. ಅದರಲ್ಲೇ ಒಳಬಗೆಗಳಿವೆ: ಊರಿನ ರಸ್ತೆ, ಸೇತುವೆಯ ಕೆಲಸ ಬೇರೆ, ಸಾವು ನೋವಿನ ಮನೆಗೆ ನೆರವಾಗುವುದು ಬೇರೆ, ಹೊಲದ ಕೆಲಸಕ್ಕೆ ಆಳು ಬದಲಿಸಿಕೊಳ್ಳುವುದು ಬೇರೆ. ಸುಮಾತ್ರಾದ ಬಟಕ್ ಜನರಲ್ಲಿ 'ಮರ್ಸಿಯಾದಪಾರಿ': ಮೊದಲು ನಾನು ನಿನಗೊಂದು ದಿನ ಕೊಡುತ್ತೇನೆ, ಆಮೇಲೆ ನಿನ್ನಿಂದ ಒಂದು ದಿನ ಪಡೆಯುತ್ತೇನೆ. ಊರೂರಿನ ಹೆಂಗಸರು ನಡೆಸುವ 'ಅರಿಸಾನ್' ಅಂತೂ ನಮ್ಮ ಚೀಟಿಯೇ. ಇವೆಲ್ಲಕ್ಕೂ ದೇಶ ಕೊಟ್ಟ ಒಟ್ಟು ಹೆಸರು 'ಗೊತೊಂಗ್ ರೊಯೊಂಗ್'.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಯ್ಯಾಳು ಅಂದರೆ ಸಾಕು. ನಾಟಿಗೆ ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಬಂದರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ಮದುವೆ ಮನೆಯಲ್ಲಿ ಮುಯ್ಯಿ ಕೊಟ್ಟರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಯಾರು, ಯಾವ ಊರು, ಎಷ್ಟು. ಮುಂದೆ ಅವರ ಮನೆಯ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡುತ್ತಾರೆ.

ಸಹಕಾರ ಅಂದ ಕೂಡಲೇ ನಾವು ಒಳ್ಳೆಯ ಮನಸ್ಸು, ತ್ಯಾಗ, ಸೇವೆ ಅಂತ ಶುರು ಮಾಡುತ್ತೇವೆ. ಈ ಪದ್ಧತಿಗಳು ನಿಂತಿರುವುದು ಅದರ ಮೇಲಲ್ಲ. ನಿಂತಿರುವುದು ಲೆಕ್ಕದ ಮೇಲೆ. ಯಾರು ಬಂದರು, ಯಾರು ಬರಲಿಲ್ಲ, ಯಾರ ಬಾಕಿ ಎಷ್ಟು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಕೊಟ್ಟದ್ದು ತಿರುಗಿ ಬರುತ್ತದೆ ಎಂಬ ನಂಬಿಕೆ ಹುಟ್ಟುವುದೇ ಆ ಲೆಕ್ಕದಿಂದ.

ಊರು ಮಾಡಬಲ್ಲ ಕೆಲಸ

ಕಲಿಕಾ ಕೇಂದ್ರಗಳನ್ನು ಈ ಪದ್ಧತಿಗಳ ಮೇಲೆ ನಿಲ್ಲಿಸಬೇಕು ಅನ್ನುವ ಇಂಡೊನೇಷ್ಯಾದ ಶಿಕ್ಷಣ ತಜ್ಞರ ವಾದದಲ್ಲಿ ಗಟ್ಟಿ ಹುರುಳಿದೆ. ದುಡಿಯುವವರ ಓದು ಕೆಡುವುದು ಹೆಚ್ಚಾಗಿ ಪಾಠ ಕಷ್ಟವಾಗಿ ಅಲ್ಲ, ಹೊತ್ತು ಹೊಂದದೆ. ಕೊಯ್ಲಿನ ವಾರ ತರಗತಿ ಇಟ್ಟರೆ ಯಾರೂ ಬರುವುದಿಲ್ಲ. ಮೀನು ಜಾಸ್ತಿ ಸಿಗುವ ದಿನಗಳಲ್ಲಿ ಹುಡುಗರು ಕಡಲಲ್ಲಿರುತ್ತಾರೆ. ಜಕಾರ್ತಾದ ಸುತ್ತೋಲೆಗೆ ಇದು ಗೊತ್ತಾಗದು, ಊರಿಗೆ ಗೊತ್ತು. ಪಾಕೆಟ್ ಸಿಯ ನಿಯಮವೂ ಇದಕ್ಕೆ ಜಾಗ ಬಿಟ್ಟಿದೆ. ಎದುರು ಕೂತು ಕಲಿಯುವುದು, ಟ್ಯುಟೋರಿಯಲ್, ತಾನೇ ಓದಿಕೊಳ್ಳುವುದು, ಮೂರನ್ನೂ ಬೆರೆಸಬಹುದು. ಯಾವ ತಿಂಗಳು ಯಾವುದು ಅನ್ನುವುದನ್ನು ಊರೇ ತೀರ್ಮಾನಿಸಿದರೆ ತರಗತಿ ತುಂಬುತ್ತದೆ.

ಇನ್ನೊಂದು, ಬಿಟ್ಟು ಹೋದವರನ್ನು ಕರೆದು ತರುವುದು. ಮೂರು ವಾರ ಬಾರದ ಹುಡುಗಿಯ ಹೆಸರು ಕಂಪ್ಯೂಟರಿನಲ್ಲಿ 'ಗೈರು' ಎಂದು ಕೂತಿರುತ್ತದೆ ಅಷ್ಟೆ. ಅವಳ ಅತ್ತೆಗೆ ಹುಷಾರಿಲ್ಲ, ಮಗು ನೋಡಿಕೊಳ್ಳುವವರಿಲ್ಲ ಅನ್ನುವುದು ಗೊತ್ತಿರುವುದು ಪಕ್ಕದ ಮನೆಯವರಿಗೆ. ಹುಯುಲಾದಂಥ ಪದ್ಧತಿ ಇರುವಲ್ಲಿ ಮಗುವನ್ನು ಎರಡು ಗಂಟೆ ನೋಡಿಕೊಳ್ಳುವುದೂ ಮುಯ್ಯಿಯೊಳಗೆ ಸೇರಬಹುದು. ಅದು ನಿಜವಾದ ನಿರ್ವಹಣೆ. ಜಾಗ, ದೀಪ, ಚಾಪೆ, ರಿಪೇರಿ ಇವೂ ಊರಿಂದ ಸಲೀಸಾಗಿ ಆಗುತ್ತವೆ.

ಆದರೆ ರಸಾಯನಶಾಸ್ತ್ರ? ಹನ್ನೆರಡನೇ ತರಗತಿಯ ಗಣಿತ? ಊರಿನಲ್ಲಿ ಎಷ್ಟೇ ಒಗ್ಗಟ್ಟಿದ್ದರೂ ಅದು ಗೊತ್ತಿರುವವರು ಇರಬೇಕಲ್ಲ. ನಾಟಿ ಎಲ್ಲರಿಗೂ ಬರುತ್ತದೆ, ಅದಕ್ಕೇ ಅಲ್ಲಿ ಮುಯ್ಯಿ ನಡೆಯುತ್ತದೆ. ಸಮೀಕರಣ ಬಿಡಿಸುವುದು ಒಬ್ಬರಿಗೆ ಮಾತ್ರ ಬಂದರೆ ಆ ಒಬ್ಬರಿಗೆ ಯಾರು, ಯಾವುದರಿಂದ ಮುಯ್ಯಿ ತೀರಿಸುತ್ತಾರೆ?

ಗೌರವಧನ ಎಂಬ ಪದ

ಬೋಧಕರ ವಿಷಯದಲ್ಲಿ ಇಡೀ ವಾದ ಕುಂಟುವುದು ಇಲ್ಲೇ. ಈ ಕೇಂದ್ರಗಳಲ್ಲಿ ಪಾಠ ಹೇಳುವವರನ್ನು 'ಟ್ಯೂಟರ್' ಅನ್ನುತ್ತಾರೆ, ಗುರು ಅನ್ನುವುದಿಲ್ಲ. ಗುರು ಪದ ನಮ್ಮಲ್ಲಿರುವ ಹಾಗೇ ಅಲ್ಲೂ ಇದೆ. ಆದರೆ 2005ರ ಶಿಕ್ಷಕರ ಕಾನೂನು ಅದನ್ನು ಶಾಲೆಯ ದಾರಿಯಲ್ಲಿ ಕಲಿಸುವವರಿಗೆ ಮಾತ್ರ ಕೊಟ್ಟಿದೆ. ಹೆಸರಿನ ಜಗಳ ಅನ್ನಿಸಬಹುದು, ಅಲ್ವಾ? ಅಲ್ಲ. ಗುರು ಅನ್ನಿಸಿಕೊಂಡವರಿಗೆ ಪ್ರಮಾಣೀಕರಣ ಇದೆ, ಅದರ ಜೊತೆಗೆ ಬರುವ ಭತ್ಯೆ ಇದೆ. ಟ್ಯೂಟರ್‌ಗಳಿಗೆ ಸಿಗುವುದು 'ಹೊನೊರ್'. ಮರ್ಯಾದೆ ಎಂಬ ಅರ್ಥದಿಂದ ಬಂದ ಪದ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ ನಾವು ಕೊಡುವುದಕ್ಕೂ ಇದೇ ಹೆಸರು ಇಟ್ಟಿದ್ದೇವೆ, ಗೌರವಧನ. ಸಂಬಳ ಕೊಡಲು ಮನಸ್ಸಿಲ್ಲದ ಕಡೆ ಎರಡೂ ಸರ್ಕಾರಗಳಿಗೆ ಗೌರವ ನೆನಪಾಗಿದೆ.

ಹಾಗಂತ ಹಣ ಇಲ್ಲವೇ ಇಲ್ಲ ಅಂತಲ್ಲ. ಪ್ರತಿ ಕಲಿಯುವವರ ತಲೆಗೆ ಇಷ್ಟು ಎಂದು ಸಹಾಯಧನ ಬರುತ್ತದೆ. ಪಾಕೆಟ್ ಸಿಗೆ ಮೂಲ ದರ ವರ್ಷಕ್ಕೆ 18 ಲಕ್ಷ ರುಪಿಯಾ ಎಂದು ಇಟ್ಟಿದ್ದರು. ಕೇಳಲು ದೊಡ್ಡ ಮೊತ್ತ, ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರದ ಆಸುಪಾಸು. ಪುಸ್ತಕ, ಕರೆಂಟು, ಪರೀಕ್ಷೆ, ಗೌರವಧನ ಎಲ್ಲ ಅದರಲ್ಲೇ. ಜೊತೆಗೆ ಒಂದು ಷರತ್ತು: ಕಲಿಯುವವರ ವಯಸ್ಸು 24 ದಾಟಿರಬಾರದು. ದಾಟಿದವರು ಬಂದು ಓದಬಹುದು, ಆದರೆ ಅವರ ಹೆಸರಿಗೆ ಹಣ ಬರುವುದಿಲ್ಲ.

ತಲೆ ಲೆಕ್ಕದಲ್ಲಿ ಹಣ ಬಂದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಇಲ್ಲದ ತಲೆಗಳು ಹುಟ್ಟುತ್ತವೆ. ಕಾಗದದಲ್ಲಿ ಮಾತ್ರ ಇರುವ ವಿದ್ಯಾರ್ಥಿಗಳ ಹೆಸರಿನಲ್ಲಿ ಹಣ ಎತ್ತಿದ ಪ್ರಕರಣಗಳು ಕೆಲವು ಜಿಲ್ಲೆಗಳಲ್ಲಿ ತನಿಖೆಯವರೆಗೆ ಹೋಗಿವೆ. ಇದನ್ನು ನೋಡಿ 'ಊರಿನವರ ಕೈಗೆ ಕೊಟ್ಟರೆ ಹೀಗೇ' ಅನ್ನುವವರಿದ್ದಾರೆ. ನನಗೆ ಅನ್ನಿಸುವುದು ಬೇರೆ. ಅಂಥ ಕೇಂದ್ರಗಳಲ್ಲಿ ಊರು ಎಂಬುದೇ ಇರಲಿಲ್ಲ. ಮಪಾಲುಸ್‌ನಲ್ಲಿ ಬಾರದ ಆಳನ್ನು ಬಂದಿದ್ದಾನೆ ಅಂತ ಬರೆಯಲು ಸಾಧ್ಯವಾ? ಹೊಲದಲ್ಲಿ ನಿಂತವರೆಲ್ಲ ನೋಡುತ್ತಿರುತ್ತಾರೆ. ದಾಖಲಾದವರ ಪಟ್ಟಿಯನ್ನು ಊರ ಸಭಾಭವನದ ಗೋಡೆಗೆ ಅಂಟಿಸಿ ನೋಡಿ, ಸುಳ್ಳು ಹೆಸರನ್ನು ಮೊದಲು ಹಿಡಿಯುವುದು ಅಲ್ಲಿ ಚಹಾ ಕುಡಿಯಲು ಬಂದವರು. ಪಟ್ಟಿ ಈಗ ಹೋಗುವುದು ಮೇಲಿನ ಕಚೇರಿಗೆ ಮಾತ್ರ. ದೂರದವರು ನೋಡುತ್ತಾರೆ, ಹತ್ತಿರದವರು ನೋಡುವುದಿಲ್ಲ.

ಒಂದೇ ಪದ, ಎರಡು ಚರಿತ್ರೆ

ಗೊತೊಂಗ್ ರೊಯೊಂಗ್ ಎಂದ ಕೂಡಲೇ ಅಲ್ಲಿನ ಕೆಲವರು ಯಾಕೆ ಹುಬ್ಬು ಗಂಟಿಕ್ಕುತ್ತಾರೆ ಅನ್ನುವುದಕ್ಕೆ ಹಿಂದಿನದನ್ನು ನೋಡಬೇಕು. 1945ರ ಜೂನ್ 1ರಂದು, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕಾರ್ನೊ ತಮ್ಮ ಹೆಸರಾಂತ ಭಾಷಣದಲ್ಲಿ ಹೊಸ ದೇಶದ ಅಡಿಪಾಯವಾಗಿ ಪಂಚಶೀಲದ ಐದು ತತ್ವಗಳನ್ನು ಹೇಳಿದರು. ಐದನ್ನು ಮೂರಕ್ಕೆ, ಮೂರನ್ನು ಒಂದಕ್ಕೆ ಹಿಂಡಿದರೆ ಉಳಿಯುವುದು ಗೊತೊಂಗ್ ರೊಯೊಂಗ್ ಎಂದರು. ಹೊಸ ದೇಶದ ಒಡಲಲ್ಲಿ ಆ ಪದ ಕೂತದ್ದು ಹಾಗೆ.

ಅದಕ್ಕೂ ಮೊದಲು ಡಚ್ಚರು ರಸ್ತೆ, ಕಾಲುವೆಗಳಿಗೆ ಹಳ್ಳಿಯವರನ್ನು ಕೂಲಿಯಿಲ್ಲದೆ ದುಡಿಸಿದ್ದರು. ಸುಹಾರ್ತೊ ಕಾಲದಲ್ಲಿ ಹಳ್ಳಿಗೆ ಸರ್ಕಾರದಿಂದ ಒಂದಿಷ್ಟು ಹಣ ಬರುತ್ತಿತ್ತು, ಉಳಿದದ್ದನ್ನು ಜನರ ಬೆವರಿನಿಂದ ತುಂಬಿಸಬೇಕಿತ್ತು. ಅದಕ್ಕೂ ಹೆಸರು ಗೊತೊಂಗ್ ರೊಯೊಂಗ್. ಬರಲ್ಲ ಅನ್ನಲು ಧೈರ್ಯ ಬೇಕಿತ್ತು. ಕನ್ನಡದಲ್ಲಿ ಇದಕ್ಕೆ ಬೇರೆ ಪದ ಇದೆ: ಬಿಟ್ಟಿ.

ಮುಯ್ಯಾಳು, ಬಿಟ್ಟಿ ಚಾಕರಿ ಎರಡರಲ್ಲೂ ಕೂಲಿ ಇಲ್ಲ. ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಒಂದರಲ್ಲಿ ದುಡಿಮೆ ತಿರುಗಿ ಬರುತ್ತದೆ, ಇನ್ನೊಂದರಲ್ಲಿ ಮೇಲಕ್ಕೆ ಹೋದದ್ದು ಹೋದಂತೆಯೇ. ಕಲಿಕಾ ಕೇಂದ್ರದಲ್ಲಿ 'ಸ್ಥಳೀಯ ಸಹಕಾರ ಮೌಲ್ಯ' ಎಂದು ಯಾರಾದರೂ ಹೇಳಿದಾಗ ಕೇಳಬೇಕಾದದ್ದು ಇಷ್ಟೇ: ಹತ್ತು ವರ್ಷದಿಂದ ರಾತ್ರಿ ಪಾಠ ಹೇಳುತ್ತಿರುವವರಿಗೆ ಏನು ತಿರುಗಿ ಬಂತು?

ಒಂದು ಸಣ್ಣ ವಿಷಯ. ಕಳೆದ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯಲ್ಲಿ ಇರಬೇಕಾದ ಆರು ಗುಣಗಳಲ್ಲಿ ಗೊತೊಂಗ್ ರೊಯೊಂಗ್ ಒಂದಾಗಿತ್ತು. 2025ರ ಹೊಸ ಪಟ್ಟಿಯಲ್ಲಿ ಎಂಟು ಗುಣಗಳಿವೆ, ಆ ಜಾಗದಲ್ಲಿ 'ಕೊಲಾಬೊರಾಸಿ' ಬಂದಿದೆ. ಹೌದು, ಇಂಗ್ಲಿಷಿನ ಕೊಲಾಬರೇಶನ್ನೇ. ಸಂಸ್ಕೃತಿಯ ಪದ ಭಾಷಣಕ್ಕೆ, ಆಫೀಸಿನ ಪದ ಪಠ್ಯಕ್ಕೆ.

ಎರಡು ಕಚೇರಿಗಳ ನಡುವೆ ಬಿದ್ದ ಹುಡುಗಿ

ಹೆಚ್ಚು ಜನರ ಗಮನಕ್ಕೆ ಬಾರದ ಗೊಂದಲ ಇನ್ನೊಂದಿದೆ. ಅಧಿಕಾರ ಹಂಚಿಕೆಯ 2014ರ ಕಾನೂನಿನ ಪ್ರಕಾರ ಹತ್ತರಿಂದ ಹನ್ನೆರಡರವರೆಗಿನ ಶಾಲೆಗಳು ಪ್ರಾಂತ್ಯದ ಕೈಯಲ್ಲಿವೆ. ಪ್ರಾಥಮಿಕ ಮತ್ತು ಮಾಧ್ಯಮಿಕ ಜಿಲ್ಲೆಯ ಕೈಯಲ್ಲಿ. ಶಾಲೆಯ ಹೊರಗಿನ ಕಲಿಕೆ ಪೂರ್ತಿ ಜಿಲ್ಲೆಯದು, ಪಾಕೆಟ್ ಸಿ ಕೂಡ.

ಹನ್ನೊಂದನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳಿದ್ದಾಳೆ ಅಂದುಕೊಳ್ಳಿ. ಅವಳು ಬಿಟ್ಟದ್ದು ಪ್ರಾಂತ್ಯದ ಶಾಲೆ. ಅವಳನ್ನು ಹಿಡಿದು ತಂದು ಓದಿಸಬೇಕಾದದ್ದು ಜಿಲ್ಲೆಯ ಪರವಾನಗಿಯ ಕೇಂದ್ರ. ಪ್ರಾಂತ್ಯಕ್ಕೆ ಅವಳು ಮುಗಿದ ಹೆಸರು. ಜಿಲ್ಲೆಗೆ ಅವಳು ತನ್ನ ಶಾಲೆಯವಳೇ ಅಲ್ಲ. ಜಿಲ್ಲೆಯ ಹಣ ಮೊದಲು ಹೋಗುವುದು ತನ್ನದೇ ಸಾವಿರಾರು ಮಕ್ಕಳು ಕೂತಿರುವ ಪ್ರಾಥಮಿಕ ಶಾಲೆಗಳಿಗೆ, ಅದರಲ್ಲಿ ತಪ್ಪೂ ಇಲ್ಲ. ಹೀಗೆ ಹೈಸ್ಕೂಲು ಮಟ್ಟದ ಹೊರಗಿನ ಕಲಿಕೆ ಯಾರ ಮನೆಯ ಕೂಸೂ ಅಲ್ಲ. ಎರಡು ಕಚೇರಿಗಳ ನಡುವಿನ ಆ ಕಂದಕವನ್ನು ತುಂಬಲು 'ಊರಿನ ಸಹಕಾರ'ವನ್ನು ಕರೆಯಲಾಗುತ್ತದೆ.

ನಮ್ಮವನು ಪರೀಕ್ಷೆಗೆ ಕೂತಾಗ

ಸಹಕಾರ ಕೆಲಸ ಕೆಡಿಸುವ ಜಾಗವೂ ಒಂದಿದೆ. ದೇಶಕ್ಕೆಲ್ಲ ಒಂದೇ ಆಗಿದ್ದ ರಾಷ್ಟ್ರೀಯ ಪರೀಕ್ಷೆ 2020ರಲ್ಲಿ ಕೋವಿಡ್‌ನಿಂದ ನಿಂತಿತು, ಮತ್ತೆ ಬರಲಿಲ್ಲ. ಅಲ್ಲಿಂದ ಪಾಸು ಮಾಡುವುದು ಆಯಾ ಶಾಲೆ, ಆಯಾ ಕೇಂದ್ರದ ಕೈಗೆ ಬಂತು. ಊರ ಕೇಂದ್ರದಲ್ಲಿ ಪಾಠ ಹೇಳುವವರು, ಪರೀಕ್ಷೆ ನಡೆಸುವವರು, ಬರೆಯುವವರು ಎಲ್ಲ ಒಂದೇ ಬೀದಿಯವರು. ನಾಳೆ ಮುಖ ನೋಡಬೇಕಾದವನನ್ನು ಫೇಲ್ ಮಾಡುವುದು ಹೇಗೆ? ಇಲ್ಲಿ ಮುಯ್ಯಿ ಉಲ್ಟಾ ಹೊಡೆಯುತ್ತದೆ.

ಪರಿಣಾಮ ಬೀಳುವುದು ಪ್ರಾಮಾಣಿಕವಾಗಿ ಓದಿದವರ ಮೇಲೆ. ಪಾಕೆಟ್ ಸಿ ಅಂದರೆ ದುಡ್ಡು ಕೊಟ್ಟು ತಂದ ಸರ್ಟಿಫಿಕೇಟು ಎಂಬ ಮಾತು ಮೊದಲೇ ಇತ್ತು. ಕಾನೂನು ಸಮ ಅನ್ನುತ್ತದೆ, ಆದರೆ ಪೊಲೀಸ್ ಭರ್ತಿಯ ಕೆಲವು ಪ್ರಕಟಣೆಗಳು ಪಾಕೆಟ್ ಓದಿದವರು ಬೇಡ ಎಂದೇ ಹೇಳಿವೆ. ಆದ್ದರಿಂದ ಟಿಕೆಎ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹೊರಗಿನ ಅಳತೆಗೋಲು ಬಂದರೆ ನಮ್ಮ ಪ್ರಮಾಣಪತ್ರಕ್ಕೂ ಬೆಲೆ ಬರುತ್ತದೆ ಎಂಬುದು ಒಂದು. ದಿನಾ ಶಾಲೆಗೆ ಹೋದವರ ಜೊತೆ ದಿನಾ ಗೇಯ್ದವರನ್ನು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ ಎಂಬುದು ಇನ್ನೊಂದು. ಟಿಕೆಎ ಕಡ್ಡಾಯವಲ್ಲ, ಬೇಕಾದವರು ಬರೆಯಬಹುದು. ನನ್ನ ವಾಲಿಕೆ ಮೊದಲನೆಯದರ ಕಡೆ. ಕಲಿಸುವುದು ಊರಿಗಿರಲಿ, ಅಳೆಯುವುದು ಊರಿನ ಹೊರಗಿನವರಿಗಿರಲಿ. ಎರಡೂ ಒಂದೇ ಕೈಯಲ್ಲಿದ್ದರೆ ಊರಿನ ಒಳ್ಳೆಯತನವೇ ಹುಡುಗರಿಗೆ ಮುಳುವಾಗುತ್ತದೆ.

ಮುಂಬೈಯ ರಾತ್ರಿ ಶಾಲೆಗಳು ಏನು ಹೇಳುತ್ತವೆ

ಕನ್ನಡಿಗರ ಹತ್ತಿರ ಇದಕ್ಕೆ ಸ್ವಂತ ಉದಾಹರಣೆಯೇ ಇದೆ. ಕಳೆದ ಶತಮಾನದಲ್ಲಿ ಕರಾವಳಿಯಿಂದ ಮುಂಬೈಗೆ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದರು. ಶಾಲೆಗಳನ್ನು ಕಟ್ಟಿದ್ದು ಊರಿನ, ಸಮುದಾಯದ ಸಂಘಗಳು. ಹಿಂದಿನ ಬ್ಯಾಚಿನಲ್ಲಿ ಓದಿದವರು ಮುಂದೆ ಸಂಘಕ್ಕೆ ದುಡ್ಡು ಕೊಟ್ಟರು, ಊರಿನಿಂದ ಹೊಸ ಹುಡುಗರನ್ನು ಕರೆತಂದು ಸೇರಿಸಿದರು. ಮುಯ್ಯಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತು. ಆದರೆ ಪಠ್ಯ ಸರ್ಕಾರದ್ದು, ಪರೀಕ್ಷೆ ಬೋರ್ಡಿನದ್ದು. ಊರಿನಿಂದ ಹುಡುಗರು ಬರುವುದು ನಿಂತ ಮೇಲೆ ಆ ಶಾಲೆಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮುಚ್ಚಿದವು. ಸಹಕಾರ ಸೋತು ಅಲ್ಲ, ಅದರ ಅಗತ್ಯ ಮುಗಿದು.

ಈಗ ನಮ್ಮಲ್ಲಿ ಶಾಲೆ ಬಿಟ್ಟವರಿಗಿರುವುದು 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ. ಅಲ್ಲಿ ಪುಸ್ತಕ, ಪರೀಕ್ಷೆ, ನೋಂದಣಿ ಎಲ್ಲ ಒಂದು ಕೇಂದ್ರದಿಂದ. ಅಳತೆಗೋಲು ಗಟ್ಟಿ, ಆದರೆ ಮೂರು ವಾರ ಬಾರದವಳ ಮನೆ ಬಾಗಿಲು ತಟ್ಟುವವರಿಲ್ಲ. ಇಂಡೊನೇಷ್ಯಾದ ಕೊರತೆ ಸರಿಯಾಗಿ ಇದರ ತಿರುಗುಮುರುಗು.

ಮುಂದೆ ಏನಾಗಬಹುದು

13 ವರ್ಷದ ಕಡ್ಡಾಯ ಓದು ನಿಜವಾಗಿ ಜಾರಿಯಾದರೆ ಹದಿಹರೆಯದವರು ಹೆಚ್ಚು ಹೆಚ್ಚು ಶಾಲೆಯಲ್ಲೇ ಉಳಿಯುತ್ತಾರೆ. ಒಳ್ಳೆಯದೇ. ಆಗ ಪಾಕೆಟ್ ಸಿಗೆ ಬರುವವರಲ್ಲಿ ವಯಸ್ಸಾದವರ ಪಾಲು ಏರುತ್ತದೆ. ಹಿಂದೆ ಓದು ತಪ್ಪಿದ ತಾಯಂದಿರು, ನಡುವಯಸ್ಸಿನ ಕೂಲಿಯವರು. ಅವರೆಲ್ಲ 24 ದಾಟಿದವರು. ಹೀಗಾಗಿ ಓದುವವರು ಇರುತ್ತಾರೆ, ಅವರ ಹೆಸರಿನ ಹಣ ಇರುವುದಿಲ್ಲ. ಆಗ ಮತ್ತೆ ಊರಿನ ಔದಾರ್ಯದ ಮಾತು ಜೋರಾಗುತ್ತದೆ ಎಂದು ಊಹಿಸಬಹುದು. ಸುಸಿಯವರು ಪರೀಕ್ಷೆ ಬರೆದಾಗ 53ರ ಆಸುಪಾಸಿನಲ್ಲಿದ್ದರು. ಈ ನಿಯಮದ ಲೆಕ್ಕದಲ್ಲಿ ಸಚಿವೆಗೂ ಸಹಾಯಧನ ಸಿಗುತ್ತಿರಲಿಲ್ಲ.

ಕಾನೂನು ತಿದ್ದುಪಡಿಯಲ್ಲಿ ನೋಡಬೇಕಾದದ್ದು ದೊಡ್ಡ ಘೋಷಣೆಗಳನ್ನಲ್ಲ, 'ಗುರು ಅಂದರೆ ಯಾರು' ಎಂದು ಹೇಳುವ ಸಾಲನ್ನು. ಶಾಲೆಯ ಹೊರಗೆ ಕಲಿಸುವವರನ್ನೂ ಆ ಪದದೊಳಗೆ ಸೇರಿಸುವ ಪ್ರಸ್ತಾಪ 2022ರ ಕರಡಿನಲ್ಲಿ ಇತ್ತು, ಆ ಕರಡು ಮುಂದೆ ಹೋಗಲಿಲ್ಲ. ಈ ಸಲ ಆ ಸಾಲು ಉಳಿದರೆ ಟ್ಯೂಟರ್‌ಗಳಿಗೆ ಸಂಬಳ ಕೇಳಲು ಒಂದು ದಾರಿ ಸಿಗುತ್ತದೆ. ಉಳಿಯದಿದ್ದರೆ ಹಗಲು ಬೇರೆ ಕೆಲಸ, ಸಂಜೆ ಸಭಾಭವನದ ಬೀಗ ತೆಗೆದು ಪಾಠ, ತಿಂಗಳ ಕೊನೆಗೆ ಹೊನೊರ್ ಪಟ್ಟಿಗೆ ಒಂದು ಸಹಿ.